ರೈಲಿಲ್ಲದ ಜಿಲ್ಲೆಯಲ್ಲಿ ಒಂದು ತಿರುವು

ಮೈಸೂರಿನಿಂದ ಕುಶಾಲನಗರಕ್ಕೆ ಬರುತ್ತದೆಂದು ವರ್ಷಗಟ್ಟಲೆಯಿಂದ ಕೇಳುತ್ತಿರುವ ರೈಲು ಮಾರ್ಗದ ಉದ್ದ ಸುಮಾರು 87 ಕಿಲೋಮೀಟರ್. ಮನೆಯಲ್ಲಿ ಮಾದರಿ ರೈಲು ಕಟ್ಟುವ ಹುಚ್ಚಿನವರ ಲೋಕದಲ್ಲಿ ಅತಿ ಹೆಚ್ಚು ಚಾಲ್ತಿಯಲ್ಲಿರುವ ಅಳತೆ ಎಚ್‌ಒ. ಅದರಲ್ಲಿ ಎಲ್ಲವೂ ಅಸಲಿನ 87ನೇ ಒಂದು ಪಾಲು. ಅಂದರೆ ಬರಬೇಕಾದ ಆ ಮಾರ್ಗವನ್ನು ಇಡಿಯಾಗಿ ಕುಗ್ಗಿಸಿದರೆ ಒಂದು ಕಿಲೋಮೀಟರ್! ಈ ಲೆಕ್ಕ ಹೊಳೆದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಒಂದಡಿ ಹಳಿಯೂ ಇಲ್ಲದ ಕೊಡಗಿನಲ್ಲಿ ಹುಟ್ಟಿ, ರೈಲಿಗಾಗಿ ಮೈಸೂರಿಗೋ ಸುಬ್ರಹ್ಮಣ್ಯಕ್ಕೋ ಹೋಗಿ ಬಂದವನಿಗೆ ಅಷ್ಟು ಸಾಕು.

ಬೆಳಗಾದ ಮೇಲೆ ಟೇಪು ಹಿಡಿದೆ. ಮಡಿಕೇರಿಯ ನಮ್ಮ ಮನೆಯ ಮಹಡಿಯಲ್ಲಿ, ಹಿಂದೆ ಕಾಫಿ ಮೂಟೆ ಇಡುತ್ತಿದ್ದ ಕೋಣೆ ಹತ್ತಕ್ಕೆ ಹನ್ನೆರಡು ಅಡಿ. ಗೋಡೆಗುಂಟ ಸುತ್ತು ಹಾಕಿದರೆ ಹನ್ನೆರಡು ಮೀಟರ್ ಹಳಿ ಕೂಡ ಹಿಡಿಸುವುದು ಕಷ್ಟ. ಹಳಿಯನ್ನು ನಮ್ಮೂರಿನವರೆಗೂ ಎಳೆಯೋಣವೆಂದರೆ, ಕುಶಾಲನಗರದಿಂದ ಮಡಿಕೇರಿಗೆ ಎತ್ತರದ ವ್ಯತ್ಯಾಸ ಮುನ್ನೂರು ಮೀಟರಿಗೂ ಹೆಚ್ಚು. ಅದನ್ನು 87ರಿಂದ ಭಾಗಿಸಿದರೂ ಮೂರೂವರೆ ಮೀಟರ್ ದಾಟುತ್ತದೆ. ಮಡಿಕೇರಿ ಸ್ಟೇಷನ್ ಹೆಂಚಿನ ಮೇಲೆ, ಮಳೆಯಲ್ಲಿ ನೆನೆಯುತ್ತಾ ಕೂರಬೇಕು.

“ಅದಕ್ಕೇ ಕೊಡಗಿಗೆ ರೈಲು ಬರಲಿಲ್ಲ, ಬೆಟ್ಟ ನೋಡಿ” ಎನ್ನುವವರು ಪ್ರತಿ ಮದುವೆ ಊಟದಲ್ಲೂ ಒಬ್ಬರು ಸಿಗುತ್ತಾರೆ. ನನಗೆ ಈ ಮಾತು ಕೇಳಿದರೆ ರೇಗುತ್ತದೆ. ಡಾರ್ಜಿಲಿಂಗಿಗೆ 1881ರಲ್ಲೇ ರೈಲು ಹತ್ತಿತು. ಸುತ್ತು ಹಾಕಿ, ಕೆಲವೆಡೆ ಹಿಂದಕ್ಕೆ ತಳ್ಳಿ ಮತ್ತೆ ಮುಂದಕ್ಕೆ ಎಳೆದು, ಎರಡಡಿ ಅಗಲದ ಹಳಿಯ ಮೇಲೆ. ನೀಲಗಿರಿ ರೈಲು ಹಲ್ಲುಪಟ್ಟಿಗೆ ಹಲ್ಲುಚಕ್ರ ಕಚ್ಚಿಸಿಕೊಂಡು ಹನ್ನೆರಡು ಅಡಿಗೆ ಒಂದಡಿಯಂತೆ ಏರುತ್ತದೆ. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗ, ಐವತ್ತಕ್ಕೆ ಒಂದರ ಏರು. ರೈಲು ಬರುವುದು ಬಿಡುವುದು ಹಣದ ಮತ್ತು ಬೇಕು-ಬೇಡಗಳ ವಿಷಯ, ಅದರ ಜಗಳ ಬೇರೆ. ಬೆಟ್ಟದ ಮೇಲೆ ಗೂಬೆ ಕೂರಿಸಬೇಡಿ.

ಹಳಿಗೆ ನಿಜವಾದ ಶತ್ರು ಏರಲ್ಲ, ತಿರುವು. ಕೋಣೆಯೊಳಗೆ ಅದು ಎರಡನೇ ದಿನವೇ ಗೊತ್ತಾಗುತ್ತದೆ.

ನಮ್ಮ ಬ್ರಾಡ್‌ಗೇಜಿನಲ್ಲಿ ಅನುಮತಿ ಇರುವ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಕುಗ್ಗಿಸಿದರೆ ಎರಡು ಮೀಟರ್. ಒಂದು ಅರ್ಧಸುತ್ತು ಹಾಕಲು ನಾಲ್ಕು ಮೀಟರ್ ಅಗಲ ಬೇಕು, ನನ್ನ ಕೋಣೆಯ ಉದ್ದನೆ ಗೋಡೆಯೇ ಅಷ್ಟಿಲ್ಲ. ಹಾಗಾಗಿ ಎಲ್ಲರೂ ಮಾಡುವ ಮೋಸವನ್ನೇ ನಾನೂ ಮಾಡಿದೆ: ಎಂಟಕ್ಕೆ ನಾಲ್ಕಡಿಯ ಪ್ಲೈವುಡ್ ಹಲಗೆ, ಅದರ ಮೇಲೆ 18 ಇಂಚು ತ್ರಿಜ್ಯದ ತಿರುವುಗಳು. ಅಸಲಿಗೆ ಹೋಲಿಸಿದರೆ ಅದು 40 ಮೀಟರ್ ತ್ರಿಜ್ಯ. ಎಂಜಿನ್ ಮತ್ತು ಗೂಡ್ಸ್ ಡಬ್ಬಿಗಳು ಸುಮ್ಮನೆ ಸುತ್ತಿದವು. ಪ್ಯಾಸೆಂಜರ್ ಬೋಗಿಗಳನ್ನು ಸಿಕ್ಕಿಸಿದ ಕೂಡಲೇ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಹಳಿ ತಪ್ಪಿದವು. ತಿರುವಿನ ನಡುವೆ ಅಲ್ಲ, ನೇರ ಹಳಿ ಮುಗಿದು ತಿರುವು ಶುರುವಾಗುವಲ್ಲಿ.

ನೋಡಲು ಬಂದವರೆಲ್ಲ ಹೇಳಿದ್ದು ಒಂದೇ: ಸ್ಪೀಡು ಕಡಿಮೆ ಮಾಡಿ. ಸಂಪಾಜೆ ಘಾಟಿಯಲ್ಲಿ ಬಸ್ಸು ತಿರುಗುವಾಗ ಪಕ್ಕದವರ ಮೈಮೇಲೆ ಬಿದ್ದವರ ಅನುಭವ ಅದು, ತಪ್ಪಲ್ಲ. ಆದರೆ ಚಿಕ್ಕ ರೈಲಿಗೆ ಆ ಅನುಭವ ಹೊಂದುವುದಿಲ್ಲ. ಯಾಕೆಂದು ಸ್ವಲ್ಪ ಕುಳಿತು ಲೆಕ್ಕ ಹಾಕೋಣ, ಇದು ನನಗೆ ಬಲು ಇಷ್ಟದ ಲೆಕ್ಕ. ತಿರುವಿನಲ್ಲಿ ಹೊರಕ್ಕೆ ಎಸೆಯುವ ಜೋರು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ತ್ರಿಜ್ಯ ದೊಡ್ಡದಾದಷ್ಟೂ ಇಳಿಯುತ್ತದೆ. ವೇಗವನ್ನು 87 ಪಾಲು ಕುಗ್ಗಿಸಿದರೆ ಅದರ ವರ್ಗ 87ರ 87 ಪಾಲು ಕುಗ್ಗುತ್ತದೆ. ತ್ರಿಜ್ಯ ಬರೀ 87 ಪಾಲು ಕುಗ್ಗುತ್ತದೆ. ಭಾಗಿಸಿ ನೋಡಿ, ಎಸೆತ 87 ಪಾಲು ಕಡಿಮೆ. ಭೂಮಿಯ ಸೆಳೆತವೋ, ನನ್ನ ಹಲಗೆಯ ಮೇಲೂ ಅಷ್ಟೇ, ಅದಕ್ಕೆ ಅಳತೆಪಟ್ಟಿ ಗೊತ್ತಿಲ್ಲ. ಗಂಟೆಗೆ 60 ಕಿಲೋಮೀಟರ್ ಓಡುವ ರೈಲು ನನ್ನಲ್ಲಿ ಸೆಕೆಂಡಿಗೆ 19 ಸೆಂಟಿಮೀಟರ್ ಓಡುತ್ತದೆ. ನಾನು ಬಿಗಿ ಮಾಡಿದ ಆ ತಿರುವಿನಲ್ಲೂ ಎಸೆತ ಗುರುತ್ವದ ನೂರನೇ ಒಂದು ಪಾಲನ್ನು ಮುಟ್ಟುವುದಿಲ್ಲ. ಬೋಗಿಯಲ್ಲಿ ಇರುವೆ ಕೂತಿದ್ದರೆ ಅದಕ್ಕೆ ತಿರುವು ಬಂದದ್ದೇ ತಿಳಿಯದು.

ಈ ಕುಗ್ಗಿಸುವ ಲೆಕ್ಕವನ್ನು ಗಟ್ಟಿಯಾಗಿ ಹಿಡಿದವನು ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರ್. 1870ರ ದಶಕದಲ್ಲಿ ಟಾರ್ಕಿ ಎಂಬಲ್ಲಿ ಉದ್ದನೆಯ ತೊಟ್ಟಿ ಕಟ್ಟಿ, ಮಾದರಿ ಹಡಗುಗಳನ್ನು ಎಳೆದು ನೋಡಿದ. ಮಾದರಿಯ ಅಲೆ ಅಸಲಿನ ಅಲೆಯಂತೆ ಏಳಬೇಕಾದರೆ ವೇಗವನ್ನು ಉದ್ದದಷ್ಟೇ ಕುಗ್ಗಿಸಬಾರದು, ಅದರ ವರ್ಗಮೂಲದಷ್ಟು ಕುಗ್ಗಿಸಬೇಕು ಎಂದು ಕಂಡುಕೊಂಡ. 87ರ ವರ್ಗಮೂಲ ಸುಮಾರು 9.3. ನನ್ನ ರೈಲು ಅಸಲಿನಂತೆ ಓಲಾಡಬೇಕಾದರೆ ಅದನ್ನು ಮನುಷ್ಯ ಬಿರುಸಾಗಿ ನಡೆಯುವಷ್ಟು ವೇಗಕ್ಕೆ ಏರಿಸಬೇಕು. ಕೋಣೆ ಎರಡು ಸೆಕೆಂಡಿಗೆ ಮುಗಿದುಹೋಗುತ್ತದೆ! ಹಡಗಿಗೆ ಹೋಗುವ ಮೊದಲು, ಯುವಕನಾಗಿದ್ದಾಗ, ಇದೇ ಫ್ರೌಡ್ ಬ್ರಿಸ್ಟಲ್–ಎಕ್ಸೆಟರ್ ರೈಲು ಮಾರ್ಗದಲ್ಲಿ ಹೆಸರಾಂತ ಎಂಜಿನಿಯರ್ ಬ್ರೂನೆಲ್ ಕೈಕೆಳಗೆ ಕೆಲಸ ಮಾಡುತ್ತಾ, ನೇರ ಹಳಿಗೂ ತಿರುವಿಗೂ ನಡುವೆ ಮೆಲ್ಲನೆ ಬಾಗುವ ಒಂದು ತುಂಡು ಇರಬೇಕೆಂದು ಹೇಳಿದ್ದ. ನನ್ನ ಎರಡು ತಲೆನೋವಿಗೂ ಒಬ್ಬನೇ ವೈದ್ಯ.

ಹಾಗಾದರೆ ನನ್ನ ಬೋಗಿ ಬಿದ್ದದ್ದು ಯಾಕೆ? ಬೋಗಿಗೆ ಬೋಗಿ ಸಿಕ್ಕಿಸುವ ಕೊಕ್ಕೆಯಿಂದ. ಪೆರಂಬೂರಿನ ಕಾರ್ಖಾನೆಯ ಹಳೆ ನೀಲಿ ಬೋಗಿ 21 ಮೀಟರಿಗಿಂತ ತುಸು ಉದ್ದ, ಮಾದರಿಯಲ್ಲಿ 245 ಮಿಲಿಮೀಟರ್. ಅದರ ಅಡಿಯಲ್ಲಿ ಚಕ್ರಗಳನ್ನು ಹೊತ್ತ ಎರಡು ಗಾಡಿಗಳು ತುದಿಯಲ್ಲಿಲ್ಲ, ಒಳಗೆ, ಒಂದಕ್ಕೊಂದು 170 ಮಿಲಿಮೀಟರ್ ದೂರದಲ್ಲಿವೆ. ತಿರುವಿನಲ್ಲಿ ಗಾಡಿಗಳು ಹಳಿಯ ಮೇಲೇ ಇರುತ್ತವೆ, ಆದರೆ ಆಚೆಗೆ ಚಾಚಿದ ತುದಿ ಹೊರಕ್ಕೆ ಹೋಗುತ್ತದೆ. ಬಿದಿರ ಏಣಿಯನ್ನು ನಡುವೆ ಹೆಗಲಿಗೇರಿಸಿಕೊಂಡು ತೋಟದ ಓಣಿಯಲ್ಲಿ ತಿರುಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೀವು ದಾರಿಯಲ್ಲೇ ಇರುತ್ತೀರಿ, ಏಣಿಯ ಬಾಲ ಪಕ್ಕದ ಕಾಫಿ ಗಿಡಕ್ಕೆ ಬಡಿಯುತ್ತದೆ. 18 ಇಂಚಿನ ತಿರುವಿನಲ್ಲಿ ನನ್ನ ಬೋಗಿಯ ಬಾಲ ಎಂಟು ಮಿಲಿಮೀಟರಿಗೂ ಹೆಚ್ಚು ಹೊರಗೆ ಸರಿಯುತ್ತದೆ. ಎರಡೂ ಬೋಗಿ ತಿರುವಿನಲ್ಲಿದ್ದರೆ ತೊಂದರೆಯಿಲ್ಲ, ಎರಡರ ಬಾಲವೂ ಒಂದೇ ಕಡೆಗೆ ಸರಿದಿರುತ್ತದೆ. ಒಂದು ತಿರುವಿನಲ್ಲಿ, ಇನ್ನೊಂದು ನೇರ ಹಳಿಯಲ್ಲಿ ಇರುವ ಆ ಗಳಿಗೆಯಲ್ಲಿ ಒಬ್ಬನ ಕೈ ಹೊರಗೆ, ಇನ್ನೊಬ್ಬನ ಕೈ ಒಳಗೆ. ಕೊಕ್ಕೆ ಅಡ್ಡಕ್ಕೆ ಎಳೆದು ಹಗುರ ಬೋಗಿಯನ್ನು ಎತ್ತಿ ಹಾಕುತ್ತದೆ.

ತ್ರಿಜ್ಯ ಹೆಚ್ಚಿಸಿದರೆ ಅರ್ಧ ಗುಣವಾಗುತ್ತದೆ. ಅತಿ ಉದ್ದದ ಬೋಗಿಯ ಮೂರರಷ್ಟಾದರೂ ತ್ರಿಜ್ಯ ಇರಲಿ ಎಂಬುದು ಈ ಹವ್ಯಾಸದವರ ಅನುಭವದ ಮಾತು, ನನಗೆ ಸುಮಾರು 750 ಮಿಲಿಮೀಟರ್ ಬಂತು. ನಾಲ್ಕಡಿ ಹಲಗೆಯಲ್ಲಿ ಅದು ಕೂರದು. ಹಲಗೆಯನ್ನು ಕಿತ್ತು ಗೋಡೆಗುಂಟ ಕಪಾಟಿನಂತೆ ಪಟ್ಟಿ ಹೊಡೆಸಿದೆ, ಬಾಗಿಲ ಬಳಿ ಎತ್ತಿಡುವ ಸೇತುವೆ. ಉಳಿದರ್ಧಕ್ಕೆ ಫ್ರೌಡ್ ಹೇಳಿದ ತುಂಡು ಬೇಕಿತ್ತು.

ಕಾಗದದ ಮೇಲೆ ಸೂತ್ರ ಬರೆದು, ಬಿಂದು ಬಿಂದು ಗುರುತು ಹಾಕುತ್ತಾ ಕೂತಿದ್ದೆ. ಪಟ್ಟಿ ಹೊಡೆಯಲು ಬಂದಿದ್ದ ಆಚಾರಿ ಒಂದು ಗಂಟೆ ನೋಡಿ, ಸಾಕಾಗಿ ಕೆಳಗಿಳಿದು ಹೋದರು. ಬರುವಾಗ ಕೈಯಲ್ಲಿ ನಯವಾಗಿ ಸೀಳಿದ ಬಿದಿರ ದಬ್ಬೆ.

“ಇದನ್ನ ಆ ಕಡೆ ರೌಂಡಿಗೆ ಹಿಡ್ಕೊಳ್ಳಿ ಸಾರ್. ಈ ತುದಿ ನಾನು ಗೆರೆಗೆ ತರ್ತೇನೆ. ನಡುವೆ ಮುಟ್ಬೇಡಿ, ಅದೇ ಬಗ್ತದೆ.”

“ಅಳತೆ ಬೇಡ್ವಾ ಆಚಾರ್ರೇ?”

“ಬಿದಿರು ಸುಳ್ಳು ಹೇಳಲ್ಲ ಸಾರ್.”

ದಬ್ಬೆಗುಂಟ ಪೆನ್ಸಿಲ್ ಎಳೆದೆ. ನನ್ನ ಬಿಂದುಗಳೆಲ್ಲ ಆ ಗೆರೆಯ ಅಂಚಿನಲ್ಲೇ ಇದ್ದವು.

ಇದು ಪವಾಡವಲ್ಲ, ಪವಾಡಕ್ಕಿಂತ ಚೆನ್ನಾಗಿದೆ. ಉದ್ದಕ್ಕೂ ಒಂದೇ ದಪ್ಪವಿರುವ ಕೋಲಿನ ಒಂದು ತುದಿಯನ್ನು ಬಿಗಿಹಿಡಿದು ಇನ್ನೊಂದು ತುದಿಯನ್ನು ಅಡ್ಡಕ್ಕೆ ತಳ್ಳಿ. ತಳ್ಳುವ ಬೆರಳಿನ ಬಳಿ ಕೋಲು ಬಾಗುವುದೇ ಇಲ್ಲ, ಅಲ್ಲಿ ಸನ್ನೆಯ ಉದ್ದ, ಅಂದರೆ ಬೆರಳಿನಿಂದ ಇರುವ ದೂರ, ಸೊನ್ನೆ. ಬೆರಳಿನಿಂದ ದೂರ ಹೋದ ಹಾಗೆ ಸನ್ನೆ ಉದ್ದವಾಗುತ್ತದೆ, ಬಾಗು ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಹಿಡಿದ ಮುಷ್ಟಿಯ ಬಳಿ ಅತಿ ಹೆಚ್ಚು. ಒಂದೇ ದಪ್ಪದ ಗಾಳದ ಕೋಲಿಗೆ ದೊಡ್ಡ ಮೀನು ಬಿದ್ದಾಗ ಮುಷ್ಟಿಯ ಹತ್ತಿರವೇ ಲಟಕ್ಕೆನ್ನುವುದು ಇದಕ್ಕೇ. ಈಗ ರೈಲಿಗೆ ಬೇಕಾದದ್ದು ಏನು? ನೇರ ಹಳಿಯ ಬಳಿ ಸೊನ್ನೆ ಬಾಗು, ವೃತ್ತದ ಬಳಿ ಪೂರ್ತಿ ಬಾಗು, ನಡುವೆ ಸಮನಾದ ಏರಿಕೆ. ಎರಡೂ ಒಂದೇ! ಒಂದೇ ವೇಗದಲ್ಲಿ ಹೋಗುವ ಬಸ್ಸಿನ ಡ್ರೈವರ್ ಸ್ಟಿಯರಿಂಗನ್ನು ಒಂದೇ ಹದದಲ್ಲಿ ತಿರುಗಿಸುತ್ತಾ ಹೋದರೆ ರಸ್ತೆಯ ಮೇಲೆ ಮೂಡುವುದೂ ಇದೇ ಗೆರೆ. ಒಳ್ಳೆ ಡ್ರೈವರಿದ್ದರೆ ಘಾಟಿಯಲ್ಲಿ ವಾಂತಿಯಾಗದಿರುವುದು ಇದರಿಂದಲೇ, ಕಿಸೆಯಲ್ಲಿಟ್ಟ ನಿಂಬೆಹಣ್ಣಿನಿಂದಲ್ಲ.

18ನೇ ಶತಮಾನದಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಬಾಗಿದ ಪಟ್ಟಿಗಳ ಗಣಿತ ಬರೆಯುವಾಗಲೇ ಈ ಸುರುಳಿಯನ್ನು ಕಂಡಿದ್ದ, ಆಗ ಭೂಮಿಯ ಮೇಲೆ ಎಲ್ಲೂ ಪ್ಯಾಸೆಂಜರ್ ರೈಲು ಓಡುತ್ತಿರಲಿಲ್ಲ. ಭಾರತೀಯ ರೈಲ್ವೆ ಇದಕ್ಕೆ ತೀರಾ ಹತ್ತಿರದ, ಲೆಕ್ಕಕ್ಕೆ ಸುಲಭವಾದ ಘನ ಪರವಲಯವನ್ನು, ಅಂದರೆ ದೂರದ ಘನಕ್ಕೆ ತಕ್ಕಂತೆ ಪಕ್ಕಕ್ಕೆ ಸರಿಯುವ ಗೆರೆಯನ್ನು, ಬಳಸುತ್ತದೆ. ತುದಿಗೆ ಭಾರ ಬಿದ್ದು ಸ್ವಲ್ಪವೇ ಬಾಗಿದ ತೊಲೆಯ ಸೂತ್ರವೂ ಅಂಥದ್ದೇ, ಆಚಾರಿಯ ದಬ್ಬೆಯೂ ಅದೇ ಸೂತ್ರದ ಮನೆಯದು.

ಮಾಡುವವರಿಗೆ ಒಂದೇ ಎಚ್ಚರಿಕೆ. ನೇರ ಗೆರೆ ವೃತ್ತವನ್ನು ಮುಟ್ಟುವಂತೆ ಎಳೆದರೆ ದಬ್ಬೆಗೆ ಜಾಗವೇ ಇರುವುದಿಲ್ಲ. ವೃತ್ತವನ್ನು ಸ್ವಲ್ಪ ಒಳಕ್ಕೆ ಸರಿಸಬೇಕು. ಮೆಲುಬಾಗಿನ ಉದ್ದದ ವರ್ಗವನ್ನು ತ್ರಿಜ್ಯದ 24 ಪಟ್ಟಿನಿಂದ ಭಾಗಿಸಿ: ನನ್ನ 400 ಮಿಲಿಮೀಟರ್ ಉದ್ದಕ್ಕೆ, 750ರ ತ್ರಿಜ್ಯಕ್ಕೆ ಬಂದದ್ದು ಸುಮಾರು ಒಂಬತ್ತು ಮಿಲಿಮೀಟರ್. ಕಿರುಬೆರಳಿನ ಅಗಲವೂ ಇಲ್ಲ. ಅಷ್ಟು ಜಾಗ ಬಿಟ್ಟುಕೊಟ್ಟರೆ ಕೊಕ್ಕೆಗಳು ಜಗಳವಾಡುವುದಿಲ್ಲ. ಎಡಕ್ಕೆ ತಿರುಗಿದ್ದು ತಕ್ಷಣ ಬಲಕ್ಕೆ ತಿರುಗುವುದಾದರೆ ನಡುವೆ ಒಂದು ಬೋಗಿಯಷ್ಟು ನೇರ ಹಳಿಯನ್ನೂ ಇಡಿ.

ಕಕ್ಕಡ ಎಂಬ ಕೊಡವ ತಿಂಗಳ ಮಳೆಯಲ್ಲಿ ಪ್ಲೈವುಡ್ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಹಳಿಯ ಲೋಹ ಅಷ್ಟು ಅಲುಗುವುದಿಲ್ಲ. ಕುಗ್ಗಿದ ಹಲಗೆಯ ಮೇಲೆ ಹಳಿ ಹಾವಿನಂತೆ ಡೊಂಕಾಗುತ್ತದೆ. ಆದ್ದರಿಂದ ಜೋಡಣೆಗಳಲ್ಲಿ ಸಂದು ಬಿಟ್ಟು, ಹಲಗೆಯ ಅಡಿಗೂ ಅಂಚಿಗೂ ಬಣ್ಣ ಬಳಿದೆ. ಒಂದು ಮಳೆಗಾಲ ಕಳೆದ ಮೇಲೆ ಕೊನೆಯ ಪರೀಕ್ಷೆ: ಆರು ಬೋಗಿಗಳನ್ನು ಎಳೆಯದೆ, ಎಂಜಿನ್ನಿನಿಂದ ಹಿಮ್ಮುಖವಾಗಿ ತಳ್ಳುವುದು. ತಿರುವಿನಲ್ಲಿ ತಪ್ಪಿದ್ದರೆ ತಳ್ಳುವಾಗಲೇ ಬಯಲಾಗುವುದು.

ಆಚಾರಿಯೂ ಬಂದಿದ್ದರು. ಆರೂ ಬೋಗಿಗಳು ಕಿಟಕಿ ಕೆಳಗಿನ ತಿರುವನ್ನು ಸದ್ದಿಲ್ಲದೆ ದಾಟಿ ಕುಶಾಲನಗರದ ಪ್ಲಾಟ್‌ಫಾರ್ಮಿಗೆ ಸೇರಿದವು. ಅವರು ಬಗ್ಗಿ ಹಳಿಯ ತುದಿಯನ್ನು ನೋಡಿದರು, ಆಮೇಲೆ ತಲೆಯೆತ್ತಿ ಅಟ್ಟವನ್ನು ನೋಡಿದರು.

“ಮಡಿಕೇರಿ ಎಲ್ಲಿ ಸಾರ್?”

ಮೂರೂವರೆ ಮೀಟರ್ ಏರು, ಐವತ್ತಕ್ಕೆ ಒಂದರಂತೆ 175 ಮೀಟರ್ ಹಳಿ ಬೇಕು ಎಂದೆ. ಅವರು ಮಾತಾಡಲಿಲ್ಲ. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಅಟ್ಟದ ಕಂಬದ ಮೇಲೆ ಏನೋ ಗುರುತು ಹಾಕತೊಡಗಿದರು.