ಕೊಳವೆಯ ಸುದ್ದಿ ಮುಖಪುಟಕ್ಕೆ, ಅನುಮಾನ ಹದಿಮೂರನೇ ಪುಟಕ್ಕೆ

ಪಾವಗಡ, ಮಧುಗಿರಿ, ಶಿರಾ ವರದಿಗಾರರು ಕಳಿಸುವ ಸುದ್ದಿಯನ್ನು ತುಮಕೂರಿನ ಡೆಸ್ಕ್‌ನಲ್ಲಿ ತಿದ್ದುವುದು ನನ್ನ ಕೆಲಸ. ಬೇಸಿಗೆ ಬಂತೆಂದರೆ ಒಂದು ಸಾಲು ತಪ್ಪದೆ ಬರುತ್ತದೆ: ‘ಎಲ್ಲ ಗ್ರಾಮಗಳಿಗೂ ಟ್ಯಾಂಕರ್ ನೀರು ಪೂರೈಸಲಾಗುತ್ತಿದೆ ಎಂದು ಅಧಿಕಾರಿಗಳು ತಿಳಿಸಿದ್ದಾರೆ.’ ಕೂಡಲೇ ಫೋನ್ ಮಾಡಿ ಕೇಳುತ್ತೇನೆ: ನೀರುಗಂಟಿಯನ್ನು ಮಾತನಾಡಿಸಿದಿರಾ? ಸಭೆಯಲ್ಲಿ ಅಂಕಿಅಂಶ ಓದುವವರಿಗಿಂತ ವಾಲ್ವ್ ತಿರುಗಿಸುವವನಿಗೆ ಊರಿನ ನೀರಿನ ಸ್ಥಿತಿ ಗೊತ್ತಿರುತ್ತದೆ.

ಇರಾಕ್ ಯುದ್ಧಕ್ಕೆ ಮೊದಲು ಅಮೆರಿಕದ ದೊಡ್ಡ ಪತ್ರಿಕೆಗಳು ಎಡವಿದ್ದು ಇಲ್ಲಿಯೇ. ಇರಾಕ್ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದು ಸರ್ಕಾರ ಸುಳ್ಳು ಹೇಳಿತು, ಪತ್ರಿಕೆಗಳು ನಂಬಿದವು ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ನಿಜ ಬಲ್ಲವರು ಸರ್ಕಾರದ ಒಳಗೇ ಇದ್ದರು.

2002ರ ಸೆಪ್ಟೆಂಬರ್ 8, ಭಾನುವಾರ. ಇರಾಕ್ ಸಾವಿರಾರು ಅಲ್ಯೂಮಿನಿಯಂ ಕೊಳವೆಗಳನ್ನು ಕೊಳ್ಳಲು ಯತ್ನಿಸಿದೆ, ಅವು ಅಣುಬಾಂಬಿಗೆ ಬೇಕಾದ ಯುರೇನಿಯಂ ಸಂವರ್ಧನೆಯ ಯಂತ್ರಗಳಿಗಾಗಿ ಎಂದು ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಬರೆಯಿತು. ಹೇಳಿದವರು ಹೆಸರಿಲ್ಲದ ಅಧಿಕಾರಿಗಳು. ಅದೇ ಬೆಳಿಗ್ಗೆ ಉಪಾಧ್ಯಕ್ಷ ಡಿಕ್ ಚೇನಿ ಟಿ.ವಿ. ಸಂದರ್ಶನದಲ್ಲಿ ಆ ವರದಿಯನ್ನೇ ಮುಂದಿಟ್ಟು ಮಾತನಾಡಿದರು. ಸರ್ಕಾರದೊಳಗಿಂದ ಹೊರಬಿದ್ದ ಮಾತು ಪತ್ರಿಕೆಯ ಮುದ್ರೆ ಒತ್ತಿಸಿಕೊಂಡು, ಸಾಕ್ಷಿಯ ವೇಷದಲ್ಲಿ ಸರ್ಕಾರಕ್ಕೇ ಮರಳಿತ್ತು.

ಆ ಕೊಳವೆಗಳು ಸಂವರ್ಧನೆಗೆ ಹೊಂದುವುದಿಲ್ಲ, ಸಾಧಾರಣ ರಾಕೆಟ್‌ಗಳಿಗೆ ಸರಿಹೋಗುತ್ತವೆ ಎಂದು ಅಮೆರಿಕದ ಇಂಧನ ಇಲಾಖೆಯ ತಜ್ಞರು ಆಗಲೇ ಹೇಳಿದ್ದರು. ಅಂಥ ಯಂತ್ರಗಳ ನಾಡಿ ಬಲ್ಲವರು ಅವರು. ಗುಪ್ತಚರ ಸಂಸ್ಥೆಗಳಲ್ಲೇ ಈ ಬಗ್ಗೆ ಭಿನ್ನಮತವಿದೆ ಎಂಬುದು ಟೈಮ್ಸ್‌ನಲ್ಲಿ ಐದು ದಿನಗಳ ನಂತರ ಬಂತು, ಹದಿಮೂರನೇ ಪುಟದ ಒಂದು ವರದಿಯ ಹೊಟ್ಟೆಯೊಳಗೆ.

ಕೆಳಗಿನವರನ್ನು ಕೇಳಿದವರೂ ಇದ್ದರು. ನೈಟ್ ರಿಡ್ಡರ್ ಪತ್ರಿಕಾ ಸಂಸ್ಥೆಯ ಜೊನಾಥನ್ ಲ್ಯಾಂಡೆ ಮತ್ತು ವಾರನ್ ಸ್ಟ್ರೊಬೆಲ್ ಮಧ್ಯಮ ಹಂತದ ಅಧಿಕಾರಿಗಳನ್ನು ಹುಡುಕಿ ಮಾತನಾಡಿಸಿ, ಸರ್ಕಾರದ ವಾದ ಎಷ್ಟು ಟೊಳ್ಳು ಎಂದು ಬರೆದರು. ಮೂವತ್ತಕ್ಕೂ ಹೆಚ್ಚು ಪತ್ರಿಕೆಗಳಿದ್ದ ಆ ಸಂಸ್ಥೆಗೆ ವಾಷಿಂಗ್ಟನ್‌ನಲ್ಲೂ ನ್ಯೂಯಾರ್ಕ್‌ನಲ್ಲೂ ಒಂದೂ ಪತ್ರಿಕೆಯಿರಲಿಲ್ಲ. ಹಾಗಾಗಿ ರಾಜಧಾನಿಯ ಕಿವಿಗೆ ಅದು ಬೀಳಲೇ ಇಲ್ಲ. (ಜಿಲ್ಲಾ ಪತ್ರಿಕೆಯವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.) ‘ವಾಷಿಂಗ್ಟನ್ ಪೋಸ್ಟ್’ನ ವಾಲ್ಟರ್ ಪಿಂಕಸ್ ಅವರು ಸಾಕ್ಷ್ಯದ ಕೊರತೆಯ ಬಗ್ಗೆ ಬರೆದ ವರದಿ 2003ರ ಮಾರ್ಚ್ 16ರಂದು ಪ್ರಕಟವಾಯಿತು, ಹದಿನೇಳನೇ ಪುಟದಲ್ಲಿ. ಅದೇ ವಾರ ಯುದ್ಧ ಶುರುವಾಯಿತು.

ಪುಟ ಹಂಚುವ ಕೆಲಸ ಮಾಡುವವನಾಗಿ ನನಗೆ ಕಾಣುವುದು ಇಷ್ಟು. ಸಂಜೆಯ ಸಭೆಯಲ್ಲಿ ಮಂತ್ರಿಯ ಹೇಳಿಕೆಗೆ ಹೆಸರು, ಹುದ್ದೆ, ಫೋಟೊ ಎಲ್ಲವೂ ಇರುತ್ತದೆ. ಅನುಮಾನಕ್ಕೆ ಫೋಟೊ ಇರುವುದಿಲ್ಲ, ‘ಹೆಸರು ಹಾಕಬೇಡಿ ಸಾರ್’ ಎನ್ನುವ ಒಬ್ಬ ಎಂಜಿನಿಯರ್ ಇರುತ್ತಾನೆ. ಎರಡೂ ಕಡೆ ಹೆಸರಿಲ್ಲದವರೇ ಮಾತನಾಡಿದಾಗಲೂ ನಾವು ಮೇಲಿನವರ ಮಾತಿಗೆ ಮಣೆ ಹಾಕುತ್ತೇವೆ, ಕೆಳಗಿನವನಿಂದ ದಾಖಲೆ ಕೇಳುತ್ತೇವೆ. ಮೇಲಿನವರನ್ನು ಕೆಣಕಿದರೆ ನಾಳೆ ಸುದ್ದಿ ಸಿಗುವುದಿಲ್ಲವೆಂಬ ಅಂಜಿಕೆಯೂ ಜೊತೆಗಿರುತ್ತದೆ.

ಇರಾಕ್‌ನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ. ತನ್ನ ವರದಿಗಳು ಬಿಗಿಯಾಗಿರಬೇಕಿತ್ತು ಎಂದು ಟೈಮ್ಸ್ ಸಂಪಾದಕರು ಒಪ್ಪಿಕೊಂಡದ್ದು 2004ರ ಮೇ 26ರಂದು. ಆ ಟಿಪ್ಪಣಿ ಅಚ್ಚಾದದ್ದು ಹತ್ತನೇ ಪುಟದಲ್ಲಿ.