ಪತ್ರಿಕೆಗೆ ದಿವಾನರ ಅಪ್ಪಣೆ, ಮಾತಿಗೆ ಯಾರದು?

ಮೈಸೂರಿನಲ್ಲಿ ತಾತಯ್ಯ ಎಂದರೆ ಅನಾಥಾಲಯ ನೆನಪಾಗುತ್ತದೆ, ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ತರರು ನೆನಪಾಗುತ್ತಾರೆ. ಅದೇ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿದ ಸಂಗತಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

1908ರಲ್ಲಿ ದಿವಾನ ವಿ.ಪಿ. ಮಾಧವರಾಯರ ಸರ್ಕಾರ ಪತ್ರಿಕಾ ಕಾಯಿದೆ ತಂದಿತು. ಸಂಸ್ಥಾನದಲ್ಲಿ ಪತ್ರಿಕೆ ಹೊರಡಿಸಬೇಕಾದರೆ ಮೊದಲು ಸರ್ಕಾರದ ಅಪ್ಪಣೆ ಪಡೆಯಬೇಕು. ಕೊಟ್ಟ ಅಪ್ಪಣೆಯನ್ನು ಸರ್ಕಾರ ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು. ಮೊಕದ್ದಮೆ ಹೂಡಿ ತಪ್ಪು ರುಜುವಾತು ಮಾಡುವ ಗೋಜೇ ಇಲ್ಲ. ಇದೇ ಊರಿನಲ್ಲಿ ಕ್ರೈಸ್ತ ಪಾದ್ರಿಗಳ ವೆಸ್ಲಿಯನ್ ಮಿಷನ್‌ನವರ 'ವೃತ್ತಾಂತ ಪತ್ರಿಕೆ'ಯೂ ಇತ್ತು, ತಾತಯ್ಯನವರ 'ವೃತ್ತಾಂತ ಚಿಂತಾಮಣಿ'ಯೂ ಇತ್ತು. ದಿವಾನರಿಗೆ ನುಂಗಲಾರದ ತುತ್ತಾದದ್ದು ಧರ್ಮದ ಚರ್ಚೆಯಲ್ಲ, ಆಡಳಿತದ ಟೀಕೆ. ಅಪ್ಪಣೆ ಬೇಡುವುದಕ್ಕಿಂತ ಬಾಗಿಲು ಹಾಕುವುದೇ ಮೇಲು ಎಂದುಕೊಂಡರು ತಾತಯ್ಯ. ಪ್ರಜಾಪ್ರತಿನಿಧಿ ಸಭೆಯನ್ನು 1881ರಲ್ಲೇ ಕಂಡ ಸಂಸ್ಥಾನ ಇದು ಎಂಬುದನ್ನು ಮರೆಯಬಾರದು.

ಮೂವತ್ತು ವರ್ಷ ಕಳೆದ ಮೇಲೆ, 1938ರ ಏಪ್ರಿಲ್‌ನಲ್ಲಿ, ಮದ್ದೂರಿನ ಪಕ್ಕದ ಶಿವಪುರದಲ್ಲಿ ಕಾಂಗ್ರೆಸ್ಸಿಗರು ನಿಷೇಧಾಜ್ಞೆ ಮುರಿದು ಬಾವುಟ ಹಾರಿಸಿದರು. ಅಲ್ಲೂ ಜಗಳ ಅಪ್ಪಣೆಯದೇ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಸುಮ್ಮನಿದ್ದರೂ ಬೀದಿ ಸುಮ್ಮನಿರಲಿಲ್ಲ. ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ, ಜಾತಿಯನ್ನು ಕಾಯುವ ಶಾಸ್ತ್ರಗಳನ್ನು ಮುಲಾಜಿಲ್ಲದೆ ಟೀಕಿಸುತ್ತಿದ್ದ ದಲಿತ ನಾಯಕ. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಮಂಡ್ಯದ ಕಡೆ ಹಸು ಕಟ್ಟಿದವರ ಮನೆಯಲ್ಲಿ ಬೆಳಿಗ್ಗೆ ಬಕೆಟ್ಟಿನ ನೀರಿಗೆ ಕಲಸುವ ಬೂಸಾ ಬೈಗುಳವೇನಲ್ಲ, ಹಾಲಿನ ಬಂಡವಾಳ. ಆದರೆ ಆ ಒಂದು ಮಾತಿಗೆ ರಾಜ್ಯದಲ್ಲಿ ಗಲಭೆಯೆದ್ದಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಸಚಿವರು ರಾಜೀನಾಮೆ ಕೊಟ್ಟರು. ಕುವೆಂಪು ಬಸವಲಿಂಗಪ್ಪನವರ ಪರ ನಿಂತರು. ದಲಿತ ಸಂಘರ್ಷ ಸಮಿತಿಗೆ ಬೀಜ ಬಿದ್ದದ್ದು ಈ ಗಲಾಟೆಯಲ್ಲೇ.

ಈಗ ಧರ್ಮದ ಬಗ್ಗೆ ಬರೆದವರನ್ನು ಹಿಡಿಯುವ ಕಲಮು 1927ರಷ್ಟು ಹಳೆಯದು. ದಂಡ ಸಂಹಿತೆಯ 295ಎ, 2024ರ ಜುಲೈನಿಂದ ನ್ಯಾಯ ಸಂಹಿತೆಯ 299. ಮೂರು ವರ್ಷದವರೆಗೆ ಜೈಲು. ಯಾರದೋ ಮನಸ್ಸು ನೊಂದರೆ ಸಾಲದು, ಬರೆದವನಿಗೆ 'ಉದ್ದೇಶಪೂರ್ವಕ ಮತ್ತು ದುರುದ್ದೇಶ'ದ ಮನಸ್ಸಿರಬೇಕು ಎನ್ನುತ್ತದೆ ಕಲಮು. ದೂರು ಬರೆಸುವವರು ಈ ಪದಗಳ ಮೇಲೆ ಕಣ್ಣಾಡಿಸುವುದು ಅಪರೂಪ. ಇನ್ನೊಂದು ಕಟ್ಟುಪಾಡೂ ಇದೆ: ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಇಂಥ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ತಾತಯ್ಯನವರ ಕಾಲದಲ್ಲಿ ಬರೆಯುವವನಿಗೆ ಬೇಕಿದ್ದ ಅಪ್ಪಣೆ ಈಗ ಶಿಕ್ಷಿಸುವವರಿಗೆ ಬೇಕು; ಕೇಳಲು ಚೆನ್ನಾಗಿದೆ. ಆದರೆ ಎಫ್‌ಐಆರ್ ದಾಖಲಿಸಲು, ಬಂಧಿಸಲು ಆ ಅನುಮತಿ ಬೇಕಿಲ್ಲ. ಕಡತ ವಿಧಾನಸೌಧದ ಮೇಜಿನಿಂದ ಮೇಜಿಗೆ ಸರಿಯುವಷ್ಟು ಕಾಲ ಬರೆದವರು ವಕೀಲರ ಮನೆಗೂ ಠಾಣೆಗೂ ಅಲೆಯುತ್ತಿರುತ್ತಾರೆ.