ಕಾಸಿನ ಸರದಲ್ಲಿ ಕಾಸು ಉಳಿದದ್ದೆಷ್ಟು?

2011ರ ನಾಣ್ಯ ಕಾಯ್ದೆಯ 12ನೆಯ ಕಲಮು ನಾಣ್ಯವನ್ನು ಕರಗಿಸುವುದನ್ನು ಮತ್ತು ನಾಶಪಡಿಸುವುದನ್ನು ನಿಷೇಧಿಸುತ್ತದೆ. ಅದರ ಜೊತೆಗೆ, ನಾಣ್ಯವನ್ನು ವಿನಿಮಯ ಸಾಧನವಾಗಿಯಲ್ಲದೆ ಬೇರೆ ಯಾವ ರೀತಿಯಲ್ಲಿಯೂ ಬಳಸಬಾರದೆಂದೂ ಹೇಳುತ್ತದೆ. ಉಲ್ಲಂಘಿಸಿದವರಿಗೆ ಗರಿಷ್ಠ ಏಳು ವರ್ಷಗಳ ಸೆರೆವಾಸ ಮತ್ತು ದಂಡ. ಅಕ್ಷರಶಃ ಓದಿದರೆ, ಚಲಾವಣೆಯಲ್ಲಿರುವ ಹತ್ತು ರೂಪಾಯಿಯ ನಾಣ್ಯಕ್ಕೆ ತೂತು ಕೊರೆದು ಪದಕ ಮಾಡಿ ಜಾತ್ರೆಯಲ್ಲಿ ಮಾರುವವನೂ ಈ ಕಲಮಿನ ಕೈಗೆ ಸಿಕ್ಕಬಹುದು. ಕನಿಷ್ಠ ಎರಡು ಸಾವಿರ ವರ್ಷಗಳಿಂದ ನಾಣ್ಯವನ್ನು ಕೊರಳಿಗೆ ಕಟ್ಟಿಕೊಂಡು ಬಂದಿರುವ ನಾಡಿನಲ್ಲಿ ಇಂತಹ ನಿಯಮ ಏಕೆ ಬಂತು, ಮತ್ತು ಆ ನಿಯಮ ಬರುವ ಹೊತ್ತಿಗೆ ಕಾಸಿನ ಸರವೇ ಎಷ್ಟು ಬದಲಾಗಿತ್ತು ಎಂಬುದನ್ನು ತಿಳಿಯಲು ಸಾಕಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಹಣ ಮೊದಲೋ ಒಡವೆ ಮೊದಲೋ ಎಂಬ ಪ್ರಶ್ನೆಗೆ ನಮ್ಮ ಹಳೆಯ ಆಧಾರಗಳು ಒಡವೆಯ ಕಡೆಗೇ ವಾಲುತ್ತವೆ. ಋಗ್ವೇದದಲ್ಲಿ ನಿಷ್ಕವು ಕೊರಳ ಆಭರಣವಾಗಿ ಬರುತ್ತದೆ. ಅದೇ ನಿಷ್ಕ ಮುಂದೆ ದಕ್ಷಿಣೆಯ ಲೆಕ್ಕಕ್ಕೆ ಬಳಸುವ ಚಿನ್ನದ ಮಾನವಾಗುತ್ತದೆ. ಜೈನರ ಕಲ್ಪಸೂತ್ರದಲ್ಲಿ ಶ್ರೀದೇವಿಯ ವರ್ಣನೆ ಬರುವಾಗ ಆಕೆಯ ಎದೆಯ ಮೇಲೆ ದೀನಾರಗಳ ಮಾಲೆ ಇದೆ. ದೀನಾರವೆಂದರೆ ರೋಮಿನ ಹೆಸರನ್ನು ಹೊತ್ತು ಬಂದ ನಾಣ್ಯ. ಹೊರನಾಡಿನ ಹಣ ದೇವಿಯ ಎದೆಯ ಮೇಲೆ ಕುಳಿತುಕೊಳ್ಳುವುದಕ್ಕೆ ಆ ಕಾಲದ ಭಕ್ತರಿಗೆ ಯಾವ ಅಭ್ಯಂತರವೂ ಇದ್ದಂತೆ ಕಾಣುವುದಿಲ್ಲ.

ರೋಮ್ ಸಾಮ್ರಾಜ್ಯದ ನಾಣ್ಯಗಳು ಮೆಣಸು, ರತ್ನ ಮತ್ತು ಬಟ್ಟೆಗೆ ಬದಲಾಗಿ ದಕ್ಷಿಣ ಭಾರತಕ್ಕೆ ಹರಿದು ಬಂದವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಮತ್ತು ಎಚ್‌ಎಎಲ್ ಆವರಣದಲ್ಲಿ 1965ರಲ್ಲಿ ದೊರೆತ ಬೆಳ್ಳಿಯ ದಿನಾರಿಯಸ್ ನಿಧಿಗಳು, ಚಿತ್ರದುರ್ಗದ ಚಂದ್ರವಳ್ಳಿಯ ನಾಣ್ಯಗಳು ಈ ವ್ಯಾಪಾರದ ಗುರುತುಗಳು. ಇವುಗಳಿಗಿಂತ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಇಲ್ಲಿಗೆ ಬಂದ ನಾಣ್ಯಗಳಿಗೆ ಇಲ್ಲಿನವರು ಮಾಡಿದ ಉಪಚಾರ. ತಮಿಳುನಾಡಿನ ಪುದುಕ್ಕೋಟ್ಟೆಯಲ್ಲಿ 1898ರಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನವುಗಳಲ್ಲಿ ಚಕ್ರವರ್ತಿಯ ಮುಖದ ಮೇಲೆ ಉಳಿಯಿಂದ ಕಚ್ಚು ಹಾಕಲಾಗಿದೆ. ಮುಂದಿನ ಶತಮಾನಗಳ ಬೈಜಾಂಟಿಯನ್ (ಪೂರ್ವ ರೋಮನ್ ಸಾಮ್ರಾಜ್ಯದ) ಚಿನ್ನದ ನಾಣ್ಯಗಳಿಗೆ ಇದಕ್ಕೆ ತದ್ವಿರುದ್ಧವಾದ ಮರ್ಯಾದೆ ಸಿಕ್ಕಿದೆ. ದಕ್ಷಿಣದಲ್ಲಿ ದೊರೆತ ಇಂತಹ ನಾಣ್ಯಗಳಲ್ಲಿ ಅನೇಕವು ಮುಖಚಿತ್ರದ ಮೇಲ್ಭಾಗದಲ್ಲಿ ಜೋಡಿ ತೂತುಗಳನ್ನು ಹೊಂದಿವೆ. ಅಂದರೆ ದಾರ ಪೋಣಿಸಿದಾಗ ಮುಖ ನೆಟ್ಟಗೆ ನಿಲ್ಲಬೇಕು, ಓರೆಯಾಗಿ ತಿರುಗಬಾರದು ಎಂಬ ಎಚ್ಚರ ತೂತು ಕೊರೆದವನಿಗಿತ್ತು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿಯೂ ಬೈಜಾಂಟಿಯನ್ ಚಿನ್ನದ ನಿಧಿ ದೊರೆತಿದೆ. ಚಿನ್ನ ಕೊಳ್ಳಲಾಗದವರಿಗೂ ಇದರ ಆಸೆ ಇತ್ತೆಂಬುದಕ್ಕೆ ಮಹಾರಾಷ್ಟ್ರದ ತೇರ್, ತೆಲಂಗಾಣದ ಕೊಂಡಾಪುರದಂತಹ ನೆಲೆಗಳಲ್ಲಿ ಸಿಕ್ಕಿರುವ, ರೋಮನ್ ನಾಣ್ಯದ ಅಚ್ಚನ್ನು ಒತ್ತಿ ಸುಟ್ಟ ಮಣ್ಣಿನ ಪದಕಗಳೇ ಸಾಕ್ಷಿ. ಅನುಕರಣೆಯ ಒಡವೆ ನಮ್ಮ ಕಾಲದ ಆವಿಷ್ಕಾರವೇನಲ್ಲ.

ಇದೇ ಕಥೆ ವೆನಿಸ್ ನಗರದ ಡ್ಯೂಕಟ್ ನಾಣ್ಯದೊಂದಿಗೆ ಇನ್ನಷ್ಟು ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು. 1284ರಲ್ಲಿ ಮೊದಲು ಟಂಕಿಸಲ್ಪಟ್ಟ ಈ ನಾಣ್ಯ ಸುಮಾರು ಮೂರೂವರೆ ಗ್ರಾಂ ತೂಗುತ್ತಿತ್ತು. ಆ ಕಾಲದ ತಂತ್ರಜ್ಞಾನಕ್ಕೆ ಸಾಧ್ಯವಿದ್ದಷ್ಟೂ ಶುದ್ಧ ಚಿನ್ನ ಅದರಲ್ಲಿತ್ತು. 1797ರಲ್ಲಿ ವೆನಿಸ್ ಗಣರಾಜ್ಯ ಕೊನೆಗೊಳ್ಳುವವರೆಗೂ ಅದರ ತೂಕವಾಗಲಿ ಚಿತ್ರವಾಗಲಿ ಹೆಚ್ಚುಕಡಿಮೆ ಬದಲಾಗಲಿಲ್ಲ. ಒಂದು ಬದಿಯಲ್ಲಿ ಸಂತ ಮಾರ್ಕನ ಮುಂದೆ ಮಂಡಿಯೂರಿ ಧ್ವಜ ಹಿಡಿದ ವೆನಿಸಿನ ದೊರೆ, ಇನ್ನೊಂದು ಬದಿಯಲ್ಲಿ ನಕ್ಷತ್ರಗಳ ನಡುವೆ ನಿಂತ ಕ್ರಿಸ್ತ. ಮಲಬಾರು ಕರಾವಳಿಯ ಮೂಲಕ ಒಳನಾಡಿಗೆ ಬಂದ ಈ ನಾಣ್ಯ ಕೇರಳದಲ್ಲಿ ಆಮಾಡವಾಯಿತು, ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿ ಪುತಳಿಯಾಯಿತು. ನಿಂತಿರುವ ಆ ಆಕೃತಿಗಳು ಯಾರೆಂದು ಕೊರಳಿಗೆ ಹಾಕಿಕೊಂಡವರು ವಿಚಾರಿಸಿರಲಾರರು. ಅವರಿಗೆ ಮುಖ್ಯವಾದದ್ದು ಐದು ನೂರು ವರ್ಷಗಳ ಕಾಲ ಒಂದೇ ತೂಕ, ಒಂದೇ ಬಣ್ಣ, ಒಂದೇ ಮುಖ ಹೊತ್ತು ಬಂದ ನಾಣ್ಯದ ಮೇಲಿನ ಭರವಸೆ. ಚಿನ್ನ ಪರೀಕ್ಷಿಸುವ ಚಿನಿವಾರನಿಗೆ ಒರೆಗಲ್ಲು ತೆಗೆಯುವ ಕೆಲಸವೂ ಬಹುಮಟ್ಟಿಗೆ ತಪ್ಪುತ್ತಿತ್ತು. ಇಲ್ಲಿನ ಅಕ್ಕಸಾಲಿಗರು ಪುತಳಿಯನ್ನು ಅನುಕರಿಸಿ ತಾವೇ ಅಚ್ಚು ಹಾಕತೊಡಗಿದಾಗ ಲ್ಯಾಟಿನ್ ಅಕ್ಷರಗಳು ಅರ್ಥವಿಲ್ಲದ ಗೆರೆಗಳಾದವು, ಸಂತನ ನಿಲುವಂಗಿ ಬರಿಯ ಚುಕ್ಕೆಗಳಾಯಿತು. ಪುತಳಿ ಸರ ಧರಿಸುವುದು ಮಾತ್ರ ನಿಲ್ಲಲಿಲ್ಲ.

ನಮ್ಮದೇ ಟಂಕಸಾಲೆಗಳ ಚಿನ್ನವೂ ಇತ್ತು. ವಿಜಯನಗರದ ವರಾಹ ಸುಮಾರು 3.4 ಗ್ರಾಂ ತೂಗುವ ಪುಟ್ಟ ದಪ್ಪ ನಾಣ್ಯ. ಇಕ್ಕೇರಿಯ ನಾಯಕರು ಅದನ್ನು ಮುಂದುವರಿಸಿದರು, ಹೈದರಾಲಿ ಅದರ ಶಿವಪಾರ್ವತಿಯರ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರ ಹಾಕಿಸಿದ. 17ನೆಯ ಶತಮಾನದ ಮೈಸೂರಿನ ಕಂಠೀರವ ನರಸರಾಜ ಒಡೆಯರ ‘ಹಣ’ ಎಂಬ ಚಿನ್ನದ ನಾಣ್ಯ ಬೆರಳ ತುದಿಗೆ ಅಂಟಿಕೊಳ್ಳುವಷ್ಟು ಚಿಕ್ಕದು. ಹೀಗಿದ್ದರೂ ಇಂದು ನಾವು ಕಾಸಿನ ಸರವೆಂದಾಗ ಕಣ್ಣಿಗೆ ಬರುವ ಅಗಲವಾದ, ಚಪ್ಪಟೆಯಾದ ಬಿಲ್ಲೆಗಳ ಸಾಲಿಗೆ ಮಾದರಿಯಾದದ್ದು ವರಾಹವಲ್ಲ, ಹಣವಲ್ಲ. ಪುತಳಿ ಮತ್ತು ಅದರ ನಂತರ ಬಂದ ಇಂಗ್ಲೆಂಡಿನ ಸವರನ್.

ಸವರನ್ 22 ಕ್ಯಾರೆಟ್ಟಿನ, 7.98 ಗ್ರಾಂ ತೂಕದ ನಾಣ್ಯ. 1899ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು 15 ರೂಪಾಯಿಗೆ ಒಂದರಂತೆ ಭಾರತದಲ್ಲಿ ಶಾಸನಬದ್ಧ ಹಣವೆಂದು ಸಾರಿತು. ಜನ ಅದನ್ನು ಕೈಯಿಂದ ಕೈಗೆ ದಾಟಿಸುತ್ತ ವ್ಯಾಪಾರ ಮಾಡುತ್ತಾರೆಂಬುದು ಆಡಳಿತದ ಎಣಿಕೆಯಾಗಿತ್ತು, ನಡೆದದ್ದೇ ಬೇರೆ. ಸವರನ್‌ಗಳು ಹಡಗಿನಿಂದಿಳಿದು ಪೇಟೆಯ ಮೂಲಕ ಮನೆಗಳನ್ನು ಸೇರಿದವು, ಅಲ್ಲಿಂದ ಹೊರಗೆ ಬರಲಿಲ್ಲ. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಮುಂಬಯಿಯಲ್ಲಿಯೇ ಲಂಡನ್ನಿನ ರಾಯಲ್ ಮಿಂಟಿನ ಶಾಖೆಯೊಂದು ಸವರನ್ ಟಂಕಿಸಿತು. ಆ ಒಂದೇ ವರ್ಷ ಅಲ್ಲಿಂದ ಹೊರಬಿದ್ದ ನಾಣ್ಯಗಳ ಸಂಖ್ಯೆ ಸುಮಾರು 13 ಲಕ್ಷ. ಕರಾವಳಿಯಲ್ಲಿ ಇಂದಿಗೂ ಚಿನ್ನವನ್ನು ಪವನ್ ಲೆಕ್ಕದಲ್ಲಿ ಮಾತನಾಡುವುದು, ಎಂಟು ಗ್ರಾಂ ಎಂಬ ಅಳತೆ ಮದುವೆ ಮಾತುಕತೆಗಳಲ್ಲಿ ನೆಲೆಯೂರಿರುವುದು ಈ ನಾಣ್ಯದ ತೂಕದಿಂದಲೇ.

ಕೊಡಗಿನಲ್ಲಿ ಈ ನಾಣ್ಯಕ್ಕೆ ಸಿಕ್ಕ ಸ್ಥಾನ ವಿಶೇಷವಾದುದು. ಕೊಡವರ ಪತ್ತಾಕ್ ಎಂಬ ಪದಕದಲ್ಲಿ ನಡುವೆ ಚಿನ್ನದ ನಾಣ್ಯ, ಸುತ್ತಲೂ ಕೆಂಪು ಕಲ್ಲುಗಳು, ಮೇಲೆ ಹೆಡೆಯೆತ್ತಿದ ನಾಗ. ಹವಳ ಮತ್ತು ಚಿನ್ನದ ಮಣಿಗಳ ಕರ್ತಮಣಿಯ ಜೊತೆಗೆ ಇದನ್ನು ಮದುಮಗಳ ಕೊರಳಿಗೆ ಕಟ್ಟುವುದು ವರನಲ್ಲ, ಆಕೆಯ ತಾಯಿ. ವಿಕ್ಟೋರಿಯಾ ರಾಣಿಯೋ ಜಾರ್ಜ್ ದೊರೆಯೋ ನಾಗನ ಹೆಡೆಯ ಕೆಳಗೆ ಕುಳಿತಿರುವ ಈ ಪದಕವನ್ನು ನೋಡಿದಾಗ, ಸಾಮ್ರಾಜ್ಯಶಾಹಿಯ ಮುದ್ರೆಯನ್ನು ಇಷ್ಟು ನಿರಾಯಾಸವಾಗಿ ಮನೆತನದ ಮುದ್ರೆಯನ್ನಾಗಿ ಮಾಡಿಕೊಂಡ ಇನ್ನೊಂದು ಉದಾಹರಣೆ ಸಿಗುವುದು ಕಷ್ಟವೆನಿಸುತ್ತದೆ.

ಚಿನ್ನ ಎಟುಕದ ಕಡೆ ಬೆಳ್ಳಿಯ ರೂಪಾಯಿ ಅದೇ ಕೆಲಸ ಮಾಡಿತು. ಬ್ರಿಟಿಷ್ ಭಾರತದ ರೂಪಾಯಿ ಸರಿಯಾಗಿ ಒಂದು ತೊಲೆ, ಎಂದರೆ 11.66 ಗ್ರಾಂ, ತೂಗುತ್ತಿತ್ತು. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಹೀಗಾಗಿ ಅದು ಹಣವೂ ಆಗಿತ್ತು, ಅಕ್ಕಸಾಲಿಗನ ತಕ್ಕಡಿಯ ತೂಕದ ಕಲ್ಲೂ ಆಗಿತ್ತು, ಕೊಂಡಿ ಬೆಸೆದರೆ ಹಾರವೂ ಆಗುತ್ತಿತ್ತು. ಲಂಬಾಣಿ ಮಹಿಳೆಯರ ಹಾರಗಳಲ್ಲಿ, ಉಡುಪಿನ ಅಂಚುಗಳಲ್ಲಿ ರಾಣಿ ಛಾಪಿನ ರೂಪಾಯಿ, ಎಂಟಾಣೆ, ನಾಲ್ಕಾಣೆಗಳು ಸಾಲುಗಟ್ಟಿದವು. 1940ರಲ್ಲಿ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ, ಮುಂದಿನ ಕೆಲವು ವರ್ಷಗಳಲ್ಲಿ ಹಳೆಯ ರೂಪಾಯಿಗಳನ್ನು ಚಲಾವಣೆಯಿಂದ ಹಿಂತೆಗೆದುಕೊಂಡಿತು. 1947ರ ರೂಪಾಯಿ ನಿಕ್ಕಲ್‌ನದು. ಕೊರಳಲ್ಲಿದ್ದ ರೂಪಾಯಿ ಹಣವಾಗಿ ಸತ್ತಿತಾದರೂ ಬೆಳ್ಳಿಯಾಗಿ ಬದುಕಿತು. ನಂತರ ಬಂದ ಹಾರಗಳಲ್ಲಿ ಸ್ವತಂತ್ರ ಭಾರತದ ಪೈಸೆಗಳು ಕಾಣುತ್ತವೆ. ಅವುಗಳಿಗೆ ಲೋಹದ ಬೆಲೆ ಹೆಚ್ಚೇನಿಲ್ಲ. ಅಲ್ಲಿಂದ ಮುಂದೆ ನಾಣ್ಯ ಕೇವಲ ಅಲಂಕಾರ.

ಪದಕಗಳ ಕಥೆ ಸ್ವಲ್ಪ ಬೇರೆ ದಾರಿಯದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಹಂಚಿದ ಪದಕವನ್ನು ಕ್ಯೂಷ್ಲರ್ ಎಂಬ ಕಲಾವಿದ ರೂಪಿಸಿದ. ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಅದು ಅಚ್ಚಾಯಿತು. ಸಿಂಹವೊಂದು ಹುಲಿಯನ್ನು ಕೆಡವುತ್ತಿರುವ ಚಿತ್ರ ಒಂದು ಬದಿಗೆ, ಕೋಟೆಗೆ ಲಗ್ಗೆ ಹಾಕುವ ದೃಶ್ಯ ಇನ್ನೊಂದು ಬದಿಗೆ. ಅಧಿಕಾರದ ದರ್ಜೆಗೆ ತಕ್ಕಂತೆ ಚಿನ್ನ, ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು, ತವರಗಳಲ್ಲಿ ಹಂಚಿದರೂ ಅದಕ್ಕೆ ನೇತುಹಾಕುವ ಕೊಂಡಿಯನ್ನು ಕಂಪನಿ ಕೊಡಲಿಲ್ಲ. ಪಡೆದವರು ತಮಗೆ ತೋಚಿದಂತೆ ಉಂಗುರವನ್ನೋ ಕೊಕ್ಕೆಯನ್ನೋ ಹಾಕಿಸಿಕೊಂಡು ಧರಿಸಿದರು. ಇಂದು ಹರಾಜಿಗೆ ಬರುವ ಈ ಪದಕಗಳ ಕೊಂಡಿಗಳು ಒಂದರಂತೆ ಇನ್ನೊಂದು ಇರದಿರುವುದಕ್ಕೆ ಇದೇ ಕಾರಣ. ಸ್ಮರಣಿಕೆಯನ್ನು ಒಡವೆಯನ್ನಾಗಿ ಮಾಡಿದ್ದು ಇಲ್ಲಿಯೂ ಅಕ್ಕಸಾಲಿಗನೇ.

ಕಾಸಿನ ಸರ ಏಕೆ ಅಷ್ಟು ಕಾಲ ಬಾಳಿತೆಂಬುದು 1931ರ ನಂತರದ ವರ್ಷಗಳಲ್ಲಿ ಸ್ಪಷ್ಟವಾಗುತ್ತದೆ. ಜಾಗತಿಕ ಕುಸಿತದಲ್ಲಿ ಬೆಳೆಯ ಬೆಲೆಗಳು ನೆಲಕಚ್ಚಿದ್ದವು. ಕಂದಾಯ ಮತ್ತು ಸಾಲದ ಬಡ್ಡಿ ಮಾತ್ರ ಇದ್ದಲ್ಲಿಯೇ ಇದ್ದವು. ಆ ವರ್ಷದ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಮಾನವನ್ನು, ಎಂದರೆ ತನ್ನ ಹಣದ ಬೆಲೆಯನ್ನು ಚಿನ್ನಕ್ಕೆ ಕಟ್ಟಿಡುವ ಪದ್ಧತಿಯನ್ನು, ಕೈಬಿಟ್ಟಾಗ, ಅದುವರೆಗೆ ತೊಲೆಗೆ 21 ರೂಪಾಯಿಯ ಆಸುಪಾಸಿನಲ್ಲಿದ್ದ ಚಿನ್ನದ ಬೆಲೆ ಏರತೊಡಗಿ ಕೆಲವೇ ವರ್ಷಗಳಲ್ಲಿ 30 ದಾಟಿತು. ಹಳ್ಳಿಗಳ ಚಿನ್ನ ಸಾಹುಕಾರರ ಮೂಲಕ ಮುಂಬಯಿಗೆ, ಅಲ್ಲಿಂದ ಹೊರದೇಶಗಳಿಗೆ ಭಾರಿ ಪ್ರಮಾಣದಲ್ಲಿ ಹರಿಯಿತು. ಇಂತಹ ಹೊತ್ತಿನಲ್ಲಿ ಇಡಿಯ ಒಡವೆಯನ್ನು ಮುರಿಯಬೇಕಾಗಿಲ್ಲದಿರುವುದೇ ಕಾಸಿನ ಸರದ ಅನುಕೂಲ. ಕೊಂಡಿ ಬಿಚ್ಚಿ ಒಂದು ಕಾಸನ್ನು ತೆಗೆದು ಗಿರವಿ ಇಡಬಹುದು, ಉಳಿದವುಗಳನ್ನು ಸ್ವಲ್ಪ ಅಂತರ ಬಿಟ್ಟು ಮತ್ತೆ ಪೋಣಿಸಬಹುದು; ಸುಗ್ಗಿ ಚೆನ್ನಾಗಿ ಕೈಗೂಡಿದ ವರ್ಷ ಒಂದೆರಡು ಕಾಸು ಸೇರಿಸಬಹುದು. ಮಜೂರಿ, ತೇಮಾನು, ಬೆಸುಗೆಯ ಕಳೆತ ಎಂಬ ಲೆಕ್ಕಗಳಿಂದ ಬೇರೆ ಒಡವೆಗಳ ಬೆಲೆ ಸೋರಿಹೋಗುವಲ್ಲಿ, ಸರ್ಕಾರದ ಮುದ್ರೆಯುಳ್ಳ ನಾಣ್ಯದ ವಿಷಯದಲ್ಲಿ ಚೌಕಾಸಿಗೆ ಹೆಚ್ಚು ಜಾಗವಿರಲಿಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತದ ಹೆಂಗಸಿಗೆ ಅದು ಸ್ವಂತದ್ದೆನ್ನಬಹುದಾದ ಏಕೈಕ ಉಳಿತಾಯವಾಗಿತ್ತೆಂಬುದನ್ನು ಮರೆತರೆ ಕಾಸಿನ ಸರ ಬರಿಯ ಶೃಂಗಾರವಾಗಿ ಕಂಡೀತು.

ಸ್ವಾತಂತ್ರ್ಯಾನಂತರ ಈ ವ್ಯವಸ್ಥೆಯ ತಳಪಾಯವೇ ಅಲುಗಿತು. ಚಲಾವಣೆಗೆ ಹೊಸ ಚಿನ್ನದ ನಾಣ್ಯ ಬರುವುದು ಎಂದೋ ನಿಂತಿತ್ತು. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮಗಳು ಜಾರಿಯಾಗಿ ಹೊಸ ಆಭರಣಗಳ ಶುದ್ಧತೆಯನ್ನು 14 ಕ್ಯಾರೆಟ್ಟಿಗೆ ಮಿತಿಗೊಳಿಸಿದಾಗ ಅಕ್ಕಸಾಲಿಗರ ಕೇರಿಗಳು ಕೆಲಸವಿಲ್ಲದೆ ಕುಳಿತವು. ಆ ಮಿತಿ 1966ರಲ್ಲಿ ಹೋಯಿತಾದರೂ 1968ರ ಚಿನ್ನ ನಿಯಂತ್ರಣ ಕಾಯ್ದೆ ಗಟ್ಟಿ ಮತ್ತು ಬಿಸ್ಕತ್ತಿನ ರೂಪದ ಚಿನ್ನವನ್ನು ಸಾಮಾನ್ಯರು ಇಟ್ಟುಕೊಳ್ಳುವುದನ್ನು ನಿಷೇಧಿಸಿ, 1990ರಲ್ಲಿ ರದ್ದಾಗುವವರೆಗೂ ಮುಂದುವರಿಯಿತು. ಅಸಲಿ ಸವರನ್ ದುರ್ಲಭವಾಗುತ್ತ ಹೋದಂತೆ ಅಕ್ಕಸಾಲಿಗನ ಅಚ್ಚಿನಲ್ಲಿ ಒತ್ತಿದ ಲಕ್ಷ್ಮೀ ಕಾಸು ಅದರ ಜಾಗಕ್ಕೆ ಬಂತು. ಇಂದಿನ ಅಂಗಡಿಗಳ ಕಾಸಿನ ಸರಗಳಲ್ಲಿ ಇರುವುದು ಬಹುಪಾಲು ಇದೇ: ತೆಳ್ಳನೆಯ ತಗಡು, ಮೇಲೆ ಕಮಲದಲ್ಲಿ ಕುಳಿತ ಲಕ್ಷ್ಮಿ, ಹಿಂಬದಿಯಲ್ಲಿ ಅಚ್ಚಿನ ತಗ್ಗು. ಇದಕ್ಕೆ ಮುಖಬೆಲೆಯಿಲ್ಲ, ಯಾವ ದೊರೆಯ ಭರವಸೆಯೂ ಇಲ್ಲ; ಶುದ್ಧತೆಗೆ ಹೊಣೆ ಹೊರುವುದು 2021ರಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಮುದ್ರೆ. ಮಾರಲು ಹೋದರೆ ಒಂದು ಕಾಸನ್ನು ಬಿಡಿಸಿ ಕೊಡುವಂತಿಲ್ಲ, ಸರವನ್ನೇ ತೂಕಕ್ಕೆ ಹಾಕಬೇಕು. ಹೊರನೋಟಕ್ಕೆ ಅಜ್ಜಿಯ ಸರದಂತೆಯೇ ಇದ್ದರೂ ಅದು ಮಾಡುತ್ತಿದ್ದ ಕೆಲಸವನ್ನು ಇದು ಮಾಡುವುದಿಲ್ಲ ಎಂಬುದೇ ನನ್ನ ತಕರಾರು. ಅಂದಕ್ಕೆ ನನ್ನ ಆಕ್ಷೇಪವಿಲ್ಲ.

ಕಾನೂನಿನ ನಿಲುವೂ ಇದೇ ಅವಧಿಯಲ್ಲಿ ತಿರುಗಿತು. 1860ರ ಭಾರತೀಯ ದಂಡ ಸಂಹಿತೆಯಲ್ಲಿ ನಾಣ್ಯದ ತೂಕವನ್ನು ಕುಗ್ಗಿಸುವುದು ಅಪರಾಧವಾಗಲು ಅದರಲ್ಲಿ ವಂಚನೆಯ ಉದ್ದೇಶವಿರಬೇಕಾಗಿತ್ತು. ಕೊಂಡಿ ಹಾಕಿಸಿಕೊಂಡು ಧರಿಸುವವರ ಗೊಡವೆ ಅದಕ್ಕಿರಲಿಲ್ಲ. ನಾಣ್ಯದ ಲೋಹ ಅಗ್ಗವಾಗಿ, ಕೆಲವೊಮ್ಮೆ ಆ ಅಗ್ಗದ ಲೋಹವೂ ಮುಖಬೆಲೆಯನ್ನು ಮೀರತೊಡಗಿದಾಗ ಸರ್ಕಾರದ ಚಿಂತೆ ಬದಲಾಯಿತು. ಚಿಲ್ಲರೆಯ ಅಭಾವದ ಹಿನ್ನೆಲೆಯಲ್ಲಿ ಸಣ್ಣ ನಾಣ್ಯಗಳನ್ನು ಕರಗಿಸುವುದನ್ನು ತಡೆಯುವ ಕಾಯ್ದೆ 1971ರಲ್ಲಿ ಬಂತು. 2007ರ ಸುಮಾರಿಗೆ ಭಾರತದ ಸ್ಟೀಲ್ ನಾಣ್ಯಗಳು ಬಾಂಗ್ಲಾದೇಶಕ್ಕೆ ಕಳ್ಳಸಾಗಣೆಯಾಗಿ ಬ್ಲೇಡುಗಳಾಗುತ್ತಿವೆ ಎಂಬ ವರದಿಗಳು ಬಂದವು. 2011ರ ಕಾಯ್ದೆ ಇವೆಲ್ಲವನ್ನೂ ಒಂದೆಡೆ ತಂದಿತು. ಅದರ ಕಣ್ಣು ಕರಗಿಸುವ ಕುಲುಮೆಗಳ ಮೇಲಿದ್ದರೂ ಮಾತು ಮಾತ್ರ ಎಲ್ಲರನ್ನೂ ಒಳಗೊಳ್ಳುವಷ್ಟು ಅಗಲವಾಗಿದೆ. ಚಲಾವಣೆಯಿಂದ ಹೊರಬಿದ್ದ ನಾಣ್ಯಗಳಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ 2011ರ ಜೂನ್ 30ರಿಂದ ರದ್ದಾದ ನಾಲ್ಕಾಣೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳಿಂದ ಸರ ಮಾಡುವವರಿಗೆ ತೊಂದರೆಯಿಲ್ಲ.

ಇದರಲ್ಲೊಂದು ವಿಚಿತ್ರವಿದೆ. ಸರ್ಕಾರದ ಟಂಕಸಾಲೆಗಳೇ ಇಂದು ಉಡುಗೊರೆಗೆಂದು ನಾಣ್ಯ ಮಾರುತ್ತವೆ. 1964ರಲ್ಲಿ ನೆಹರೂ ನೆನಪಿಗೆ ಬಂದ ನಾಣ್ಯದಿಂದ ಆರಂಭಿಸಿ ಮೈಸೂರು ವಿಶ್ವವಿದ್ಯಾನಿಲಯದ ಶತಮಾನೋತ್ಸವದ 100 ರೂಪಾಯಿಯ ನಾಣ್ಯದವರೆಗೆ ಸ್ಮರಣಾರ್ಥ ನಾಣ್ಯಗಳ ಪಟ್ಟಿ ಉದ್ದವಾಗಿದೆ. ಅವುಗಳಲ್ಲಿ ದೊಡ್ಡ ಮುಖಬೆಲೆಯವು ಅಂದದ ಪೆಟ್ಟಿಗೆಯಲ್ಲಿ, ಮುಖಬೆಲೆಗಿಂತ ಹಲವು ಪಟ್ಟು ಬೆಲೆಗೆ ಬರುತ್ತವೆ. ಅದನ್ನು ಕೊಟ್ಟು ದಿನಸಿ ತರುವವರು ಯಾರೂ ಇಲ್ಲ. ಕಾಯ್ದೆಯ ಪ್ರಕಾರ ಅವೂ ನಾಣ್ಯಗಳೇ, ವಿನಿಮಯಕ್ಕಷ್ಟೇ ಬಳಸಬೇಕಾದವು. 2015ರ ನವೆಂಬರಿನಲ್ಲಿ ಅಶೋಕ ಚಕ್ರದ ಮುದ್ರೆಯೊಂದಿಗೆ ಬಿಡುಗಡೆಯಾದ ಭಾರತೀಯ ಚಿನ್ನದ ನಾಣ್ಯಕ್ಕಂತೂ ಮುಖಬೆಲೆಯೇ ಇಲ್ಲ.

ಹಳೆಯ ಸರಗಳು ಈಗಲೂ ಅನೇಕ ಮನೆಗಳಲ್ಲಿವೆ, ಮತ್ತು ಹೊಸ ವಿನ್ಯಾಸಕ್ಕಾಗಿ ಕರಗುತ್ತಲೂ ಇವೆ. ಅಂಗಡಿಯ ತಕ್ಕಡಿಗೆ ಪುತಳಿಯೂ ಸವರನ್ನೂ ಬರಿಯ ತೂಕ. ನಾಣ್ಯ ಸಂಗ್ರಾಹಕರ ಲೆಕ್ಕ ಹಾಗಲ್ಲ. ತೂತು ಬಿದ್ದ ಅಥವಾ ಕೊಂಡಿಯ ಬೆಸುಗೆ ಹತ್ತಿದ ನಾಣ್ಯಕ್ಕೆ ಅವರು ಕಡಿಮೆ ಬೆಲೆ ಕಟ್ಟುತ್ತಾರೆ. ಚೌಕಟ್ಟಿನ ಹಲ್ಲುಗಳ ನಡುವೆ ಬೆಸುಗೆಯಿಲ್ಲದೆ ಕೂರಿಸಿದ್ದರೆ ಅಂಚು ಉಳಿದಿರುವುದರಿಂದ ಹೆಚ್ಚು ಕೊಡುತ್ತಾರೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಅದನ್ನು ವಿದೇಶದಲ್ಲಿರುವ ಮಗಳಿಗೆ ಕಳುಹಿಸುವಂತಿಲ್ಲ. ಕರಗಿಸಲು ಕೊಡುವ ಮುನ್ನ ಜಾರ್ಜ್ ದೊರೆಯ ಸವರನ್‌ಗಳನ್ನು ಒಮ್ಮೆ ತಿರುಗಿಸಿ, ಕುದುರೆಯೇರಿದ ಸಂತ ಜಾರ್ಜನ ಕೆಳಗೆ ಇಸವಿಯ ನೆತ್ತಿಯ ಮೇಲಿರುವ ನೆಲದ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡುವುದು ಒಳ್ಳೆಯದು. ಅಲ್ಲಿ ಸಣ್ಣದೊಂದು ‘ಐ’ ಅಕ್ಷರ ಕಂಡರೆ ಅದು 1918ರಲ್ಲಿ ಮುಂಬಯಿಯಲ್ಲಿ ಟಂಕಿಸಿದ ನಾಣ್ಯ.